ಪ್ಲೇಗಿಗೆ ಲಸಿಕೆ ಕೊಟ್ಟ ಹಾಫ್‌ಕಿನ್

ಟಿನ್ ಫ್ಯಾಕ್ಟರಿಯಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ದಂಡಿನತ್ತ ಹೊರಟರೆ ಹಲಸೂರಿಗೆ ಅನತಿ ದೂರದಲ್ಲಿ ಫ್ರೇಜರ್ ಟೌನ್ ಇದೆ. ದಂಡು ಪ್ರದೇಶದ ಇಕ್ಕಟ್ಟಾದ ಕೇರಿಗಳನ್ನು ಪ್ಲೇಗು ಕಾಡಿದ ಮೇಲೆ, ಗಾಳಿ ಬೆಳಕುಳ್ಳ ಮನೆಗಳಿಗಾಗಿ 1910ರಲ್ಲಿ ಅಸ್ತಿತ್ವಕ್ಕೆ ಬಂದ ಬಡಾವಣೆಯದು. ಬೆಂಗಳೂರಿಗೆ ಆ ಮಹಾಮಾರಿ ಕಾಲಿಟ್ಟದ್ದು 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿಯ ಕಡೆಯಿಂದ, ರೈಲು ಮಾರ್ಗವಾಗಿ. ಊರು ತೊರೆದು ಬಯಲಿನ ಗುಡಿಸಲು ಸೇರುವುದರ ಹೊರತು ಜನರಿಗೆ ಉಳಿದಿದ್ದ ರಕ್ಷಣೆ ಮುಂಬೈಯಿಂದ ಬರುತ್ತಿದ್ದ ಲಸಿಕೆಯೊಂದೇ. ಅದನ್ನು ಸಿದ್ಧಪಡಿಸಿದವರು ವಾಲ್ಡೆಮಾರ್ ಹಾಫ್‌ಕಿನ್.

1860ರಲ್ಲಿ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಹಾಫ್‌ಕಿನ್, ರೋಗನಿರೋಧ ವಿಜ್ಞಾನದ ಆದ್ಯರಲ್ಲಿ ಒಬ್ಬರಾದ ಮೆಚ್ನಿಕಾಫ್ ಅವರ ಶಿಷ್ಯ. ಮತಾಂತರಕ್ಕೆ ಒಪ್ಪದ ಕಾರಣ ರಷ್ಯಾದಲ್ಲಿ ಅಧ್ಯಾಪಕ ಹುದ್ದೆ ದಕ್ಕಲಿಲ್ಲ. ಗುರುವನ್ನು ಅರಸಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದಾಗ ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಬಿಡುವಿನ ವೇಳೆಯಲ್ಲಿ ಕಾಲರಾ ಲಸಿಕೆ ರೂಪಿಸಿ, 1892ರ ಜುಲೈ 18ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬೈಯಲ್ಲಿ ಪ್ಲೇಗು ತಲೆದೋರಿದಾಗ ಸರ್ಕಾರ ಅವರನ್ನು ಕರೆಸಿತು. ಅವರ ವಿಧಾನ ಇಲ್ಲಿನ ಅಡುಗೆಮನೆಗೆ ತೀರ ಹತ್ತಿರದ್ದು. ಗೋಮಾಂಸದ ರಸ ಈ ನೆಲದಲ್ಲಿ ಸಲ್ಲದೆಂದು ಆಡಿನ ಮಾಂಸದ ಸಾರವನ್ನು ಬಳಸಿ, ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ಪ್ಲೇಗಿನ ಸೂಕ್ಷ್ಮಾಣುಗಳು ಆ ಹನಿಗಳ ಅಡಿಯಿಂದ ಬಿಳಲುಗಳಂತೆ ಇಳಿಬೀಳುತ್ತಿದ್ದವು. ಅಲುಗಾಡಿಸಿದರೆ ಅವು ತಳ ಸೇರಿ, ಹೊಸ ಬಿಳಲು ಮೂಡುತ್ತಿತ್ತು. ವಾರಗಟ್ಟಲೆ ಹೀಗೆ ಬೆಳೆಸಿ, ಕಾಯಿಸಿ ಕೊಂದ ಸೂಕ್ಷ್ಮಾಣುವೇ ಲಸಿಕೆ. ಸತ್ತ ವೈರಿಯನ್ನು ತೋರಿಸಿ ದೇಹವನ್ನು ಯುದ್ಧಕ್ಕೆ ಅಣಿಗೊಳಿಸುವ ಉಪಾಯವಿದು. 1897ರ ಜನವರಿ 10ರಂದು ಈ ಲಸಿಕೆಯನ್ನೂ ಮೊದಲು ಹಾಕಿಸಿಕೊಂಡವರು ಅವರೇ. ಜ್ವರ, ನೋವು ಕಾಡಿದವು, ಜೀವಕ್ಕೆ ಅಪಾಯವಾಗಲಿಲ್ಲ.

ಈ ಲಸಿಕೆಯ ದೊಡ್ಡ ಪರೀಕ್ಷೆ ನಡೆದದ್ದು ಕನ್ನಡ ನಾಡಿನಲ್ಲಿ. 1898ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯ ಲ್ಯೂಮನ್ ಅವರ ಉಸ್ತುವಾರಿಯಲ್ಲಿ ಊರಿನ ಬಹುಪಾಲು ಜನ, 30 ಸಾವಿರಕ್ಕೂ ಮಿಕ್ಕಿ, ಚುಚ್ಚಿಸಿಕೊಂಡರು. ಧಾರವಾಡ, ಗದಗಗಳಲ್ಲೂ ಅಭಿಯಾನ ನಡೆಯಿತು. ಲಸಿಕೆ ಪೂರ್ಣ ರಕ್ಷಣೆ ನೀಡದಿದ್ದರೂ ರೋಗವನ್ನೂ ಸಾವನ್ನೂ ಬಹುವಾಗಿ ತಗ್ಗಿಸಿತು.

ಆದರೆ 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದವರಲ್ಲಿ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಅಂದು 107 ಮಂದಿಗೆ ಲಸಿಕೆ ಹಾಕಲಾಗಿತ್ತು. ಸತ್ತವರೆಲ್ಲರೂ ಒಂದೇ ಬಾಟಲಿಯಿಂದ ಪಡೆದವರು. ಅದನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸಿರಲಿಲ್ಲ. ಆದರೂ ವಿಚಾರಣಾ ಆಯೋಗ ದೋಷವನ್ನು ಮುಂಬೈ ಪ್ರಯೋಗಾಲಯದ ಮೇಲೆ ಹೊರಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ವಿದೇಶಿ, ಅದರಲ್ಲೂ ಯಹೂದಿ, ವೈದ್ಯ ಪದವಿಯಿಲ್ಲದವ. ಅಧಿಕಾರಿವರ್ಗಕ್ಕೆ ಅವರು ಎಂದೂ ಹತ್ತಿರದವರಾಗಿರಲಿಲ್ಲ.

ಅವರ ನೆರವಿಗೆ ನಿಂತವರಲ್ಲಿ ಪ್ರಮುಖರು ರೊನಾಲ್ಡ್ ರಾಸ್. ಬೆಂಗಳೂರಿನ ದಂಡಿನಲ್ಲಿ ಸೇನಾ ವೈದ್ಯರಾಗಿದ್ದು, 1895ರಲ್ಲಿ ಇಲ್ಲಿಗೆ ಕಾಲರಾ ನಿಗ್ರಹಕ್ಕಾಗಿ ಮತ್ತೆ ಬಂದು, ಮುಂದೆ ಮಲೇರಿಯಾ ಸಂಶೋಧನೆಗಾಗಿ ನೊಬೆಲ್ ಪಡೆದವರು ಇವರು. ವಿಷ ಮೊದಲೇ ಬಾಟಲಿಯೊಳಗೆ ಬೆಳೆದಿದ್ದರೆ ತೆರೆದಾಗ ದುರ್ನಾತ ಬರಬೇಕಿತ್ತು, ಬಂದಿರಲಿಲ್ಲ ಎಂಬ ಸರಳ ಸಂಗತಿಯನ್ನು ಅವರು ಲಂಡನ್ನಿನ ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ಇತರ ವಿಜ್ಞಾನಿಗಳೂ ದನಿಗೂಡಿಸಿದರು.

1907ರಲ್ಲಿ ಕಳಂಕ ತೊಳೆಯಿತು. ಹಾಫ್‌ಕಿನ್ ಭಾರತಕ್ಕೆ ಮರಳಿದರು, ಆದರೆ ಕಲ್ಕತ್ತೆಗೆ. ತಾವೇ ಕಟ್ಟಿದ ಪರೇಲ್ ಪ್ರಯೋಗಾಲಯದ ಹೊಣೆ ಅವರಿಗೆ ಮತ್ತೆ ಸಿಗಲಿಲ್ಲ. 1925ರಲ್ಲಿ ಆ ಸಂಸ್ಥೆಗೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಡಲಾಯಿತು. ಆ ವೇಳೆಗೆ ಅವರು ಯುರೋಪಿನಲ್ಲಿದ್ದರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಿಧನರಾದರು.