ನಿತ್ಯಜೀವನದ ಚಿತ್ರಗಾರ ಕೃಷ್ಣಾನಂದ ಕಾಮತ್

ಅರಸರ ಆಳ್ವಿಕೆ, ಯುದ್ಧ, ದಾನದತ್ತಿಗಳ ವಿವರಗಳು ಶಾಸನಗಳಲ್ಲಿ ಉಳಿದುಬಂದಿವೆ. ಆದರೆ ಆ ಅರಸರ ಕಾಲದಲ್ಲಿ ಸಾಮಾನ್ಯ ರೈತನ ಮನೆಯ ಒಲೆ ಹೇಗಿತ್ತು, ಮಳೆಗಾಲದಲ್ಲಿ ಅವನು ಏನನ್ನು ಹೊದ್ದು ಗದ್ದೆಗೆ ಇಳಿಯುತ್ತಿದ್ದನು, ಅವನ ಮನೆಯ ಗೋಡೆಯ ಮೇಲೆ ಯಾವ ಚಿತ್ರವಿತ್ತು ಎಂಬುದನ್ನು ತಿಳಿಯುವುದು ಸುಲಭವಲ್ಲ. ನಿತ್ಯವೂ ಕಣ್ಣಿಗೆ ಬೀಳುವ ವಸ್ತುವನ್ನು ಬರೆದಿಡಬೇಕೆಂದು ಯಾರಿಗೂ ತೋರುವುದಿಲ್ಲ. ಅದು ಮರೆಯಾದ ಮೇಲೆ ಅದರ ಬೆಲೆ ತಿಳಿಯುತ್ತದೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಹೀಗೆ ಮರೆಯಾಗಲಿದ್ದ ಸಾಮಾನ್ಯ ಬದುಕನ್ನು ಛಾಯಾಚಿತ್ರಗಳಲ್ಲಿ ಹಿಡಿದಿಡಲು ಶ್ರಮಿಸಿದ ಕನ್ನಡಿಗರಲ್ಲಿ ಡಾ. ಕೃಷ್ಣಾನಂದ ಕಾಮತರು ಪ್ರಮುಖರು.

ಕಾಮತರು 1934ನೆಯ ಇಸವಿ ಸೆಪ್ಟೆಂಬರ್ 29ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ ಜನಿಸಿದರು. ಆಗ ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶರಾವತಿ ನದಿಯು ಹೊನ್ನಾವರದ ಬಳಿ ಕಡಲನ್ನು ಕೂಡುತ್ತದೆ. ಅಲ್ಲಿಂದ ಘಟ್ಟವನ್ನು ಏರಿದರೆ ಸಿದ್ದಾಪುರ, ಸಿರಸಿ, ಯಲ್ಲಾಪುರಗಳ ಮಲೆನಾಡು. ಕರಾವಳಿಯಲ್ಲಿ ತೆಂಗು, ಮೀನುಗಾರಿಕೆ, ಭತ್ತದ ಗದ್ದೆಗಳು. ಘಟ್ಟದ ಮೇಲೆ ಅಡಕೆಯ ತೋಟಗಳು, ಮೆಣಸಿನ ಬಳ್ಳಿ, ದಟ್ಟವಾದ ಕಾಡು. ಹಾಲಕ್ಕಿ ಒಕ್ಕಲಿಗರು, ಹವ್ಯಕರು, ದೀವರು, ಕೊಂಕಣಿಗರು, ಯಲ್ಲಾಪುರದ ಅಡವಿಗಳ ನಡುವೆ ನೆಲೆಸಿದ ಆಫ್ರಿಕಾ ಮೂಲದ ಸಿದ್ದಿಗಳು, ಹೀಗೆ ಒಂದೇ ಜಿಲ್ಲೆಯಲ್ಲಿ ಹಲವು ಬಗೆಯ ಜನ, ಹಲವು ಬಗೆಯ ಉಡುಗೆ ಮತ್ತು ನುಡಿಗಟ್ಟುಗಳು. ಇಂತಹ ವೈವಿಧ್ಯದ ನಡುವೆ ಬೆಳೆದ ಬಾಲಕನಿಗೆ ನೋಡುವ ಆಸಕ್ತಿ ಮೂಡಿದುದು ಸಹಜವೇ ಆಗಿತ್ತು.

ಕಾಮತರು ಅಧ್ಯಯನಕ್ಕೆ ಆರಿಸಿಕೊಂಡ ವಿಷಯ ಕೀಟಶಾಸ್ತ್ರ. 1960ರ ದಶಕದಲ್ಲಿ ಅವರು ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದರು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದ ಅರಣ್ಯಶಾಸ್ತ್ರ ಮಹಾವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿಯನ್ನು ಪಡೆದರು. ವಿದೇಶಕ್ಕೆ ಹೋಗಿಬಂದುದೇ ದೊಡ್ಡ ಸಂಗತಿಯಾಗಿದ್ದ ಕಾಲವದು. ಕಾಮತರು ತಮ್ಮ ಅನುಭವಗಳನ್ನು ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂಬ ಗ್ರಂಥದಲ್ಲಿ ಬರೆದರು. ಹೆಸರಿನಲ್ಲಿರುವ ‘ನಾನೂ’ ಎಂಬ ಮಾತು ಅವರ ವಿನಯವನ್ನೂ ವಿನೋದವನ್ನೂ ಒಟ್ಟಿಗೆ ಸೂಚಿಸುತ್ತದೆ. ಒಬ್ಬ ವಿದ್ಯಾರ್ಥಿಯಾಗಿ ಅಲ್ಲಿನ ಜನರೊಡನೆ ಬಾಳಿ ಕಂಡ ದಿನನಿತ್ಯದ ಜೀವನವೇ ಆ ಗ್ರಂಥದ ತಿರುಳು. ಪರದೇಶಕ್ಕೆ ಹೋದವನು ಅಲ್ಲಿನ ಸಾಮಾನ್ಯ ಮನುಷ್ಯನ ಬದುಕನ್ನು ಕುತೂಹಲದಿಂದ ಗಮನಿಸುತ್ತಾನೆ. ಅದೇ ಕುತೂಹಲವನ್ನು ತನ್ನ ಊರಿಗೆ ಮರಳಿದ ಮೇಲೂ ಉಳಿಸಿಕೊಳ್ಳುವವರು ವಿರಳ. ಕಾಮತರು ಅಂತಹ ವಿರಳರಲ್ಲಿ ಒಬ್ಬರು.

ತಾಯ್ನಾಡಿಗೆ ಹಿಂದಿರುಗಿದ ಅನಂತರ ಅವರು ಲೇಖನಿ ಮತ್ತು ಕ್ಯಾಮರಾಗಳನ್ನು ಜೊತೆಜೊತೆಯಾಗಿ ಬಳಸಿದರು. ಬಂಗಾಳದ ಜನಜೀವನವನ್ನು ‘ವಂಗದರ್ಶನ’ದಲ್ಲಿ ಚಿತ್ರಿಸಿದರು. ಆಗ ಮಧ್ಯಪ್ರದೇಶಕ್ಕೆ ಸೇರಿದ್ದು, 2000ದಲ್ಲಿ ಛತ್ತೀಸಗಡ ರಾಜ್ಯದ ಭಾಗವಾದ ಬಸ್ತರ್ ಪ್ರದೇಶದಲ್ಲಿ ಸಂಚರಿಸಿ ಗಿರಿಜನರ ಬಾಳುವೆಯನ್ನು ಕನ್ನಡಿಗರಿಗೆ ಪರಿಚಯಿಸಿದರು. ಹಾವು, ಇರುವೆ, ಪಶುಪಕ್ಷಿ, ಸಸ್ಯಗಳ ವಿಷಯವಾಗಿಯೂ ಬರೆದರು. ಕೀಟವನ್ನು ಅಭ್ಯಸಿಸುವವನು ಅದನ್ನು ಕದಲಿಸದೆ ತಾಳ್ಮೆಯಿಂದ ಕಾದು ನೋಡಬೇಕಾಗುತ್ತದೆ. ಜನರ ಚಿತ್ರವನ್ನು ತೆಗೆಯುವವನಿಗೂ ಈ ಗುಣವೇ ಬೇಕು. ಕ್ಯಾಮರಾ ಕಂಡೊಡನೆ ಮೈ ಸೆಟೆದು ನಿಲ್ಲುವ ಮನುಷ್ಯನ ಚಿತ್ರದಲ್ಲಿ ಅವನ ರೂಪ ಇರುತ್ತದೆಯೇ ಹೊರತು ಅವನ ಬದುಕು ಇರುವುದಿಲ್ಲ. ಕೆಲಸದಲ್ಲಿ ಮಗ್ನನಾದವನ ಚಿತ್ರದಲ್ಲಿ ಕೈಯ ಹಿಡಿತ, ಹತ್ಯಾರದ ಆಕಾರ, ಕುಳಿತ ಭಂಗಿ ಎಲ್ಲವೂ ದಾಖಲಾಗುತ್ತವೆ.

ಕಾಮತರ ಪತ್ನಿ ಡಾ. ಜ್ಯೋತ್ಸ್ನಾ ಕಾಮತರು ಇತಿಹಾಸದ ವಿದುಷಿ. ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದವರು. ಮಧ್ಯಕಾಲೀನ ಕರ್ನಾಟಕದ ಸಾಮಾಜಿಕ ಜೀವನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು 1980ರಲ್ಲಿ ಪ್ರಕಟವಾಯಿತು. ಹಿಂದಿನ ಜನರ ಊಟ, ಉಡುಗೆ, ಆಭರಣ, ವಿನೋದಗಳನ್ನು ಅವರು ಕಾವ್ಯ ಶಾಸನಗಳಿಂದ ಹುಡುಕಿ ತೆಗೆದರು. ಪತಿಯು ಅಂತಹ ವಿವರಗಳನ್ನೇ ತಮ್ಮ ಕಾಲದ ಜನರಲ್ಲಿ ಕ್ಯಾಮರಾದ ಮೂಲಕ ಅರಸಿದರು. ಒಬ್ಬರ ಕೆಲಸವು ಮತ್ತೊಬ್ಬರ ಕೆಲಸಕ್ಕೆ ಪೂರಕವಾಗಿತ್ತು.

ಅಂದಿನ ದಿನಗಳಲ್ಲಿ ಛಾಯಾಗ್ರಹಣವು ಇಂದಿನಷ್ಟು ಸುಲಭದ ಕೆಲಸವಾಗಿರಲಿಲ್ಲ. ಒಂದು ಸುರುಳಿ ಫಿಲ್ಮಿನಲ್ಲಿ ಹೆಚ್ಚೆಂದರೆ 36 ಚಿತ್ರಗಳು ಬರುತ್ತಿದ್ದವು. ತೆಗೆದ ಚಿತ್ರ ಹೇಗೆ ಬಂದಿದೆ ಎಂಬುದು ಫಿಲ್ಮನ್ನು ಕತ್ತಲೆಕೋಣೆಯಲ್ಲಿ ಸಂಸ್ಕರಿಸಿದ ಮೇಲೆಯೇ ತಿಳಿಯುತ್ತಿತ್ತು. ಫಿಲ್ಮಿಗೂ ಸಂಸ್ಕರಣೆಗೂ ಹಣ ಬೇಕಾಗಿತ್ತು. ಹಾಗಾಗಿ ಜನರು ಮದುವೆ, ಸಮಾರಂಭ, ಗಣ್ಯರ ಭೇಟಿಗಳಿಗಾಗಿ ಮಾತ್ರ ಛಾಯಾಗ್ರಾಹಕನನ್ನು ಕರೆಸುತ್ತಿದ್ದರು. ಅಂತಹ ಕಾಲದಲ್ಲಿ ಹಳ್ಳಿಯ ಹೆಂಗಸಿನ ಕೊರಳ ಮಣಿಸರ, ಮನೆಯಂಗಳದ ರಂಗೋಲಿ, ಹಳೆಯ ಗೋಡೆಯ ಚಿತ್ತಾರಗಳಿಗಾಗಿ ಫಿಲ್ಮನ್ನು ವ್ಯಯಿಸುವುದು ನೋಡುವವರಿಗೆ ವಿಚಿತ್ರವಾಗಿ ತೋರುವ ಕೆಲಸವಾಗಿತ್ತು. ಕಾಮತರು ಆ ಕೆಲಸವನ್ನು ವರ್ಷಗಟ್ಟಲೆ ನಡೆಸಿದರು.

ಈ ಶ್ರಮದ ಬೆಲೆಯನ್ನು ತಿಳಿಯಲು ಕಾವಿ ಕಲೆಯ ಉದಾಹರಣೆಯೊಂದೇ ಸಾಕು. ಗೋವೆಯಿಂದ ಮೊದಲ್ಗೊಂಡು ಉತ್ತರ ಕನ್ನಡದ ಕರಾವಳಿಯವರೆಗಿನ ಅನೇಕ ದೇವಾಲಯಗಳ ಗೋಡೆಗಳ ಮೇಲೆ ಈ ಕಲೆಯು ಅರಳಿತ್ತು. ಘಟ್ಟದ ಮೇಲಿನ ಸಿರಸಿಯ ಮಾರಿಕಾಂಬಾ ದೇವಾಲಯದಲ್ಲಿಯೂ ಅದನ್ನು ಕಾಣಬಹುದು. ಕಡಲ ಚಿಪ್ಪುಗಳನ್ನು ಸುಟ್ಟು ಮಾಡಿದ ಸುಣ್ಣಕ್ಕೆ ಬೆಲ್ಲವನ್ನೂ ತೊಳೆದ ಮರಳನ್ನೂ ಬೆರೆಸಿ, ಕೆಲವು ದಿನ ಕೊಳೆಯಿಸಿ, ಚೆನ್ನಾಗಿ ಕುಟ್ಟಿ ಗಾರೆಯನ್ನು ಸಿದ್ಧಪಡಿಸುತ್ತಿದ್ದರು. ಆ ಬಿಳಿಯ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣವನ್ನು ಬಳಿದು, ಅದು ಹಸಿಯಾಗಿರುವಾಗಲೇ ಮೊನಚಾದ ಉಕ್ಕಿನ ಕಡ್ಡಿಯಿಂದ ಕೆರೆದು ಚಿತ್ರ ಬಿಡಿಸುತ್ತಿದ್ದರು. ಕೆರೆದೆಡೆಯಲ್ಲಿ ಒಳಗಿನ ಬಿಳುಪು ಕಾಣಿಸಿಕೊಂಡು, ಕೆಂಪು ಬಿಳುಪುಗಳೆರಡರಿಂದಲೇ ದೇವತೆಗಳು, ಪುರಾಣದ ಕಥೆಗಳು, ಹೂಬಳ್ಳಿಗಳು ಮೂಡುತ್ತಿದ್ದವು. ಕರಾವಳಿಯ ಬಿರುಮಳೆಯನ್ನೂ ಉಪ್ಪುಗಾಳಿಯನ್ನೂ ತಾಳಿಕೊಂಡು ಆ ಚಿತ್ರಗಳು ತಲೆಮಾರುಗಳ ಕಾಲ ಉಳಿದವು.

ಮಳೆಗಾಳಿಗಳಿಗೆ ಬಗ್ಗದ ಈ ಕಲೆಯು ಮನುಷ್ಯನ ಉತ್ಸಾಹದ ಮುಂದೆ ಸೋತಿತು. ಭಕ್ತರು ಭಕ್ತಿಯಿಂದಲೇ ಹಳೆಯ ಗುಡಿಗಳನ್ನು ಕೆಡವಿ ಸಿಮೆಂಟಿನ ಗುಡಿಗಳನ್ನು ಕಟ್ಟಿಸಿದರು. ಕೆಲವೆಡೆ ಚಿತ್ರಗಳ ಮೇಲೆಯೇ ಹೊಸ ಬಣ್ಣವನ್ನು ಬಳಿದರು. ಅವರಲ್ಲಿ ಯಾರಿಗೂ ಕಲೆಯನ್ನು ನಾಶಮಾಡುವ ಉದ್ದೇಶವಿರಲಿಲ್ಲ. ಕಣ್ಣೆದುರಿಗಿದ್ದುದು ಅಮೂಲ್ಯವೆಂಬ ಅರಿವು ಮಾತ್ರ ಇರಲಿಲ್ಲ. ಕಾಮತರು ಊರೂರು ಅಲೆದು ಈ ಗೋಡೆಗಳ ಚಿತ್ರಗಳನ್ನು ತೆಗೆದರು. ಕಾವಿ ಕಲೆಯ ಕುರಿತು ಬರೆದು ವಿದ್ವಾಂಸರ ಗಮನವನ್ನು ಅತ್ತ ಸೆಳೆದರು. ಗುಡಿಯನ್ನು ಉಳಿಸುವ ಅಧಿಕಾರ ಅವರಿಗಿರಲಿಲ್ಲ. ಅದರ ನೆನಪನ್ನು ಉಳಿಸುವ ಸಾಧನ ಅವರ ಕೈಯಲ್ಲಿತ್ತು. ಅದನ್ನು ಅವರು ಸಕಾಲದಲ್ಲಿ ಬಳಸಿದರು. ಗೋಡೆ ಬಿದ್ದುಹೋದ ಎಡೆಯಲ್ಲಿ ಇಂದು ಉಳಿಯಬಲ್ಲುದು ಇಂತಹ ಛಾಯಾಚಿತ್ರವೊಂದೇ.

ಗುಡಿಯ ಗೋಡೆಗೆ ಒದಗಿದ ಗತಿಯೇ ಮನೆಯ ವಸ್ತುಗಳಿಗೂ ಒದಗುತ್ತದೆ. ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮಳೆಗಾಲವೆಂದರೆ ಕಂಬಳಿಕೊಪ್ಪೆ, ಅಡಕೆಯ ಹಾಳೆಯ ಟೋಪಿ. ಅಡಕೆ ಸುಲಿಯಲು ಮನೆಮಂದಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ರಾತ್ರಿಯವರೆಗೂ ಕಥೆ ಹೇಳುತ್ತಿದ್ದರು. ದೀವರ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಹಸೆಯ ಚಿತ್ತಾರವನ್ನು ಬರೆಯುತ್ತಿದ್ದರು. ಪ್ಲಾಸ್ಟಿಕ್ಕಿನ ಹೊದಿಕೆ, ಸುಲಿಯುವ ಯಂತ್ರ, ಸಿಮೆಂಟಿನ ಗೋಡೆಗಳು ಬಂದ ಮೇಲೆ ಇವೆಲ್ಲ ಕಡಮೆಯಾದವು. ಬದುಕು ಸುಲಭವಾದುದು ಒಳ್ಳೆಯದೇ. ದುಡಿಯುವವನ ಕಷ್ಟವನ್ನು ಚಿತ್ರದ ಚೆಲುವಿಗಾಗಿ ಉಳಿಸಿಕೊಳ್ಳೆಂದು ಹೇಳಲಾಗದು. ಆದರೆ ಹಿರಿಯರು ಹೇಗೆ ಬಾಳಿದರು ಎಂಬ ತಿಳಿವಳಿಕೆಯೂ ಅವರ ವಸ್ತುಗಳೊಡನೆ ಅಳಿಯಬೇಕಾಗಿಲ್ಲ.

ಕೃಷ್ಣಾನಂದ ಕಾಮತರು 2002ನೆಯ ಇಸವಿ ಫೆಬ್ರವರಿ 20ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಜ್ಯೋತ್ಸ್ನಾ ಕಾಮತರು 2022ರಲ್ಲಿ ತೀರಿಕೊಂಡರು. ಅವರ ಕುಟುಂಬದವರು ಕಾಮತರ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ದೊರೆಯುವಂತೆ ಮಾಡಿದರು. ಅವುಗಳಲ್ಲಿ ದೇವಾಲಯ, ಶಿಲ್ಪ, ಜಾತ್ರೆಗಳ ಜೊತೆಯಲ್ಲಿಯೇ ಹೆಸರು ತಿಳಿಯದ ನೂರಾರು ಜನರ ಮುಖಗಳಿವೆ. ಆ ಜನರು ಯಾವ ಶಾಸನದಲ್ಲಿಯೂ ಉಲ್ಲೇಖಗೊಂಡವರಲ್ಲ. ನೀರು ಹೊರುವಾಗ, ಸಂತೆಯಲ್ಲಿ ಕುಳಿತಿರುವಾಗ, ಮಗುವನ್ನು ಎತ್ತಿಕೊಂಡಿರುವಾಗ ಹೊನ್ನಾವರದ ಒಬ್ಬ ವಿಜ್ಞಾನಿ ಅವರ ಮುಂದೆ ಕ್ಷಣಕಾಲ ನಿಂತನು. ಅದರಿಂದಾಗಿ ಅವರು ಮುಂದಿನವರ ಕಣ್ಣಿಗೆ ಉಳಿದರು.