ಡೆಪ್ಯುಟಿ ಚನ್ನಬಸಪ್ಪನವರು

ಒಲೆಯ ಮುಂದೆ ತಾಯಿಯೊಡನೆ ಆಡುವ ಮಾತು ಒಂದು, ಶಾಲೆಯಲ್ಲಿ ಹಲಗೆಯ ಮೇಲೆ ಬರೆಯುವ ಮಾತು ಮತ್ತೊಂದು ಆದರೆ ಮಗುವಿನ ಗತಿ ಏನಾಗುವದು? ನಮ್ಮ ಹೆತ್ತೂರು ಸೀಮೆಯ ಕಾಫಿ ತೋಟದ ಲೈನುಗಳಲ್ಲಿ ತುಳು, ತಮಿಳು ಆಡುವ ಮನೆಗಳ ಮಕ್ಕಳನ್ನು ಕಂಡವರು ಇದನ್ನು ಬಲ್ಲರು. ಆದರೆ ಒಂದು ಕಾಲದಲ್ಲಿ ನಮಗೆ ಉತ್ತರದಲ್ಲಿರುವ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಕನ್ನಡದ ಮಕ್ಕಳಿಗೇ ಈ ಸ್ಥಿತಿಯು ಒದಗಿತ್ತು. ಅದನ್ನು ನೀಗಿಸಲು ದುಡಿದವರಲ್ಲಿ ಚನ್ನಬಸಪ್ಪನವರು ಮುಖ್ಯರು.

ಧಾರವಾಡದವರಾದ ಇವರು ಹುಟ್ಟಿದ್ದು 1834ರಲ್ಲಿ. ಅದಕ್ಕೆ ಮೊದಲು, 1818ರಲ್ಲಿ, ಪೇಶ್ವೆಯವರ ಆಳಿಕೆಯು ಮುಗಿದು ಆ ಸೀಮೆಗಳು ಮುಂಬಯಿ ಅಧಿಪತ್ಯಕ್ಕೆ ಸೇರಿದ್ದವು. ಕಚೇರಿಯ ಕಾಗದಪತ್ರಗಳು ಹಿಂದಿನಂತೆ ಮರಾಠಿಯಲ್ಲಿಯೇ ನಡೆದವು. ಸರಕಾರದವರು ತೆರೆದ ಶಾಲೆಗಳೂ ಬಹುಮಟ್ಟಿಗೆ ಮರಾಠಿಯವೇ ಆದವು. ಹೊಲದಲ್ಲಿಯೂ ಸಂತೆಯಲ್ಲಿಯೂ ತೊಟ್ಟಿಲ ಬಳಿಯಲ್ಲಿಯೂ ಕನ್ನಡವಾಡುವ ಜನರು ಅಕ್ಷರವನ್ನು ಮಾತ್ರ ಬೇರೆ ಭಾಷೆಯಲ್ಲಿ ಕಲಿಯಬೇಕಾಯಿತು. ಓದು ಬಲ್ಲವರಲ್ಲಿ ಕೆಲವರು ತಮ್ಮ ಹಿರಿಯರ ಮಾತಿಗೆ ನಾಚುವವರಾದರು. ಮರಾಠಿಯು ಹೀನವೆಂದಲ್ಲ, ಅದೂ ತಾಯಂದಿರ ಭಾಷೆಯೇ. ಬೇರೆ ತಾಯಂದಿರದು, ಅಷ್ಟೇ.

ಅದೇ ಶತಮಾನದಲ್ಲಿ ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನ ಕೆಲವು ಶಾಲೆಗಳಲ್ಲಿ, ತನ್ನ ವೆಲ್ಷ್ ಮಾತನ್ನಾಡಿದ ಹುಡುಗನ ಕೊರಳಿಗೆ ಮರದ ತುಂಡೊಂದನ್ನು ತೂಗಹಾಕುತ್ತಿದ್ದರು. ಮತ್ತೊಬ್ಬನು ವೆಲ್ಷ್ ಆಡಿದರೆ ಅದು ಅವನ ಕೊರಳಿಗೆ ಹೋಗುವದು. ಸಂಜೆಗೆ ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಏಟು. ಆದರೂ ಆ ಭಾಷೆಯು ಅಳಿಯಲಿಲ್ಲ. ವಿಲಿಯಂ ಮಾರ್ಗನ್ ಎಂಬವರು 1588ರಲ್ಲಿ ಅಚ್ಚುಹಾಕಿಸಿದ ವೆಲ್ಷ್ ಬೈಬಲೂ ಅದನ್ನು ಓದಲು ಕಲಿಸಿದ ಭಾನುವಾರದ ಶಾಲೆಗಳೂ ಅದಕ್ಕೆ ಆಧಾರವಾದವು. ಧಾರವಾಡದಲ್ಲಿ ಮರದ ತುಂಡು ಬೇಕಾಗಲಿಲ್ಲ. ನಾಚಿಕೆಯೇ ಸಾಕಾಯಿತು.

ಚನ್ನಬಸಪ್ಪನವರು ಪುಣೆಗೆ ಹೋಗಿ ಕಲಿತವರು. ಮರಾಠಿ, ಇಂಗ್ಲಿಷ್ ಎರಡನ್ನೂ ಬಲ್ಲವರು. ಆ ವಿದ್ಯೆಯಿಂದ ದೊಡ್ಡ ಹುದ್ದೆಯನ್ನು ಹುಡುಕದೆ ಉಪಾಧ್ಯಾಯರಾದರು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಕನ್ನಡ ಶಾಲೆಗಳಿಗೆ ಬೇಕಾದ ಉಪಾಧ್ಯಾಯರನ್ನು ಸಿದ್ಧಮಾಡಿದರು. ಬಳಿಕ ವಿದ್ಯಾ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರರಾದರು. ಆ ಪದವಿಯೇ ಅವರ ಹೆಸರಿಗೆ ಅಂಟಿಕೊಂಡಿತು. ಮೇಲಧಿಕಾರಿಯಾದ ರಸೆಲ್ ಸಾಹೇಬರ ಬೆಂಬಲವನ್ನು ಪಡೆದು ಕನ್ನಡನಾಡಿನ ಮರಾಠಿ ಶಾಲೆಗಳನ್ನು ಕನ್ನಡ ಶಾಲೆಗಳಾಗಿ ಮಾರ್ಪಡಿಸಿದರು, ಹೊಸವನ್ನೂ ತೆರೆಯಿಸಿದರು. ಶಾಲೆಯಿದ್ದು ಪುಸ್ತಕವಿಲ್ಲದಿದ್ದರೆ ಏನು ಫಲ? ಆದ್ದರಿಂದ ಇತರರಿಂದ ಬರೆಯಿಸಿದರು, ತಾವೂ ಬರೆದರು. ಶೇಕ್ಸ್‌ಪಿಯರನ ಒಂದು ನಾಟಕವನ್ನು 1871ರಲ್ಲಿ ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಬರೇ ಪಾಠವಲ್ಲ, ನಗೆಯೂ ಕನ್ನಡದಲ್ಲಿ ಇರಬೇಕೆಂದು ಇವರಿಗೆ ತೋಚಿದ್ದು ನನಗೆ ಬಹಳ ಮೆಚ್ಚಿಗೆಯಾಗಿದೆ.

1881ರಲ್ಲಿ, ಐವತ್ತು ತುಂಬುವ ಮೊದಲೇ, ಇವರು ತೀರಿಕೊಂಡರು. ಒಂಬತ್ತು ವರ್ಷಗಳ ಮೇಲೆ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಆ ಸೀಮೆಗಳು ಮೈಸೂರಿನವರಾದ ನಮ್ಮೊಡನೆ ಒಂದೇ ರಾಜ್ಯದಲ್ಲಿ ಕೂಡಿದ್ದು 1956ರ ನವೆಂಬರ್ 1ರಂದು.