ಕೃಷ್ಣಾನಂದ ಕಾಮತ್

ಡಾ. ಕೃಷ್ಣಾನಂದ ಕಾಮತ್ (29 ಸೆಪ್ಟೆಂಬರ್ 1934 – 20 ಫೆಬ್ರವರಿ 2002) ಕನ್ನಡದ ಲೇಖಕರು, ಕೀಟವಿಜ್ಞಾನಿ ಮತ್ತು ಛಾಯಾಗ್ರಾಹಕರು. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದವರಾದ ಇವರು ಪ್ರವಾಸ ಕಥನಗಳಿಂದಲೂ ಪ್ರಾಣಿ, ಕೀಟ, ಸಸ್ಯಗಳನ್ನು ಕುರಿತ ಸರಳ ವಿಜ್ಞಾನ ಬರಹಗಳಿಂದಲೂ ಓದುಗರಿಗೆ ಪರಿಚಿತರಾದರು. ಕರಾವಳಿಯ ದೇವಾಲಯಗಳ ಗೋಡೆಗಳಲ್ಲಿದ್ದ ಕಾವಿ ಕಲೆಯನ್ನು ಛಾಯಾಚಿತ್ರಗಳ ಮೂಲಕ ದಾಖಲಿಸಿದ್ದು ಅವರ ಕಾರ್ಯಗಳಲ್ಲಿ ವಿಶೇಷವಾದುದು.

ಜನನ ಮತ್ತು ಶಿಕ್ಷಣ

ಕಾಮತರು ಜನಿಸಿದ ಹೊನ್ನಾವರವು ಶರಾವತಿ ನದಿ ಕಡಲನ್ನು ಸೇರುವ ಅಳಿವೆಯ ದಡದಲ್ಲಿದೆ. ಅಂದು ಈ ಊರು ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅವರ ಮನೆಮಾತು ಕೊಂಕಣಿ. ಆದರೂ ಅವರ ಬರವಣಿಗೆಯ ಬಹುಭಾಗ ಕನ್ನಡದಲ್ಲಿದೆ.

ಕೀಟಶಾಸ್ತ್ರವನ್ನು ಆರಿಸಿಕೊಂಡ ಕಾಮತರು 1960ರ ದಶಕದಲ್ಲಿ ಅಮೆರಿಕೆಗೆ ತೆರಳಿ, ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಸಿರಾಕ್ಯೂಸ್‌ನಲ್ಲಿರುವ ಅರಣ್ಯಶಾಸ್ತ್ರ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಡಾಕ್ಟರೇಟ್ ಪಡೆದರು. ಆ ದಿನಗಳ ಅನುಭವವೇ ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂಬ ಪ್ರವಾಸ ಕಥನವಾಯಿತು. ಸ್ವದೇಶಕ್ಕೆ ಮರಳಿದ ಮೇಲೆ ಕೆಲಕಾಲ ರಾಜಸ್ಥಾನದಲ್ಲಿದ್ದು, ಬಳಿಕ ಬೆಂಗಳೂರಿನಲ್ಲಿ ನೆಲೆಸಿದರು. ಅವರ ಪತ್ನಿ ಡಾ. ಜ್ಯೋತ್ಸ್ನಾ ಕಾಮತ್ ಇತಿಹಾಸಕಾರರಾಗಿ, ಆಕಾಶವಾಣಿಯ ಅಧಿಕಾರಿಯಾಗಿ ಹೆಸರಾದವರು.

ಛಾಯಾಗ್ರಹಣ

ಕೀಟಶಾಸ್ತ್ರದ ಅಭ್ಯಾಸಿಗೆ ನೋಡಿದ್ದನ್ನು ನೋಡಿದ ಹಾಗೆಯೇ ಗುರುತಿಸಿಡುವುದು ಮೊದಲ ಪಾಠ. ಕಾಮತರ ಛಾಯಾಚಿತ್ರಗಳಲ್ಲಿಯೂ ಈ ಶಿಸ್ತು ಕಾಣುತ್ತದೆ. ಇರುವೆ, ಹಾವು, ಹಕ್ಕಿ, ಗಿಡಮರಗಳ ಜೊತೆಗೆ ಜಾತ್ರೆ, ಸಂತೆ, ಉಡುಗೆ, ಆಭರಣ, ಕುಶಲಕರ್ಮಿಗಳ ಕೆಲಸ, ಗುಡಿಗಳ ಶಿಲ್ಪ ಇವೆಲ್ಲವೂ ಅವರ ಕ್ಯಾಮೆರಾಕ್ಕೆ ವಸ್ತುವಾದವು. ಬಸ್ತರದ ಬುಡಕಟ್ಟು ಜನರ ಜೀವನವನ್ನು ಅವರು ಬರಹ ಮತ್ತು ಚಿತ್ರ ಎರಡರಲ್ಲಿಯೂ ದಾಖಲಿಸಿದರು.

ಅವರು ಕೆಲಸ ಮಾಡಿದ ಕಾಲದ ಬಹುಭಾಗ ಫಿಲ್ಮ್‌ನ ಕಾಲ. ಆಗ ಚಿತ್ರ ತೆಗೆದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಫಿಲ್ಮನ್ನು ರಾಸಾಯನಿಕಗಳಲ್ಲಿ ತೊಳೆದು ನೆಗೆಟಿವ್ ಪಡೆಯಬೇಕು. ಅನಂತರ ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರ್ ಎಂಬ ಯಂತ್ರದ ಮೂಲಕ ಅದರ ಬಿಂಬವನ್ನು ಹಿಗ್ಗಿಸಿ ಕಾಗದದ ಮೇಲೆ ಮೂಡಿಸಬೇಕು. ಪುಸ್ತಕ, ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಕಪ್ಪು-ಬಿಳುಪು ಚಿತ್ರಗಳೆಲ್ಲ ಈ ಹಾದಿಯಲ್ಲಿಯೇ ಸಾಗಿ ಬಂದವು.

ಡಾರ್ಕ್‌ರೂಮ್ ಮತ್ತು ಎನ್‌ಲಾರ್ಜರ್

35 ಮಿ.ಮೀ. ಫಿಲ್ಮ್‌ನ ಒಂದು ನೆಗೆಟಿವ್ 24 ಮಿ.ಮೀ. ಅಗಲ, 36 ಮಿ.ಮೀ. ಉದ್ದವಿರುತ್ತದೆ. ಅದನ್ನು 8 x 10 ಅಂಗುಲದ ಕಾಗದಕ್ಕೆ ಹಿಗ್ಗಿಸುವಾಗ ಬಿಂಬವು ಸುಮಾರು ಎಂಟು ಪಟ್ಟು ದೊಡ್ಡದಾಗುತ್ತದೆ. ಯಂತ್ರದ ಸಣ್ಣ ದೋಷವೂ ಅದರೊಂದಿಗೆ ಬೆಳೆಯುತ್ತದೆ. ಎನ್‌ಲಾರ್ಜರಿನ ತಲೆಭಾಗದಲ್ಲಿ ದೀಪ, ಅದರ ಕೆಳಗೆ ನೆಗೆಟಿವ್ ಹಿಡಿಯುವ ಚೌಕಟ್ಟು, ಮಡಿಕೆಗಳುಳ್ಳ ಬೆಲ್ಲೋಸ್ ಮತ್ತು ಮಸೂರ ಇರುತ್ತವೆ. ಈ ತಲೆಭಾಗವು ನೆಟ್ಟಗೆ ನಿಂತ ಕಂಬದ ಮೇಲೆ ಏರಿಳಿಯುತ್ತದೆ. ನೆಗೆಟಿವ್, ಮಸೂರ, ಕಾಗದ ಈ ಮೂರೂ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಮಾತ್ರ ಚಿತ್ರದ ನಾಲ್ಕು ಮೂಲೆಗಳೂ ಸ್ಪಷ್ಟವಾಗಿ ಮೂಡುತ್ತವೆ.

ವರ್ಷಗಳ ಬಳಕೆಯಿಂದ ಯಂತ್ರದ ಭಾಗಗಳು ಸವೆಯುತ್ತವೆ. ಕಂಬವನ್ನು ಹಿಡಿದ ತೋಳು ಸಡಿಲವಾದಾಗ ತಲೆಭಾಗ ತುಸು ವಾಲಿ, ಚಿತ್ರದ ಒಂದು ಬದಿ ಸ್ಪಷ್ಟವಾಗಿ ಇನ್ನೊಂದು ಬದಿ ಮಸುಕಾಗುತ್ತದೆ. ಫೋಕಸ್ ಮಾಡುವ ಹಲ್ಲುಗಾಲಿ ಸವೆದರೆ ಬೆಳಕು ಬೀಳುತ್ತಿರುವಾಗಲೇ ಮಸೂರ ತನ್ನ ಭಾರಕ್ಕೆ ಕೆಳಗೆ ಜಾರುತ್ತದೆ. ಬೆಲ್ಲೋಸಿನ ಮಡಿಕೆ ಬಿರಿದಾಗ ಸೋರುವ ಬೆಳಕು ಕಾಗದವನ್ನು ಮಂಕಾಗಿಸುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಅಪಾಯ ನೆಗೆಟಿವ್ ಚೌಕಟ್ಟಿನ ಅಂಚು ಒರಟಾಗುವುದು. ಕೆಟ್ಟ ಪ್ರಿಂಟನ್ನು ಮತ್ತೊಮ್ಮೆ ತೆಗೆಯಬಹುದು. ನೆಗೆಟಿವ್‌ನ ಮೇಲೆ ಬಿದ್ದ ಗೀರು ಶಾಶ್ವತ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ ಭಟ್ಕಳ, ಹೊನ್ನಾವರ, ಕುಮಟಾದಂಥ ಕರಾವಳಿಯ ಊರುಗಳಲ್ಲಿ ಈ ತೊಂದರೆಗಳು ಇಮ್ಮಡಿಸುತ್ತವೆ. ಉಪ್ಪುಗಾಳಿಗೆ ಕಂಬ ತುಕ್ಕು ಹಿಡಿಯುತ್ತದೆ, ಮಸೂರದೊಳಗೆ ಬೂಷ್ಟು ಬೆಳೆಯುತ್ತದೆ, ಫಿಲ್ಮ್‌ನ ಜೆಲಟಿನ್ ಪದರಕ್ಕೂ ಬೂಷ್ಟು ಹತ್ತುತ್ತದೆ. ಇಂಥ ಯಂತ್ರಗಳ ದುರಸ್ತಿ ತಾಳ್ಮೆಯ ಕೆಲಸ. ಗಟ್ಟಿಯಾದ ಹಳೆಯ ಗ್ರೀಸನ್ನು ಒರೆಸಿ ತೆಳುವಾಗಿ ಹೊಸದನ್ನು ಸವರುವುದು, ಸಡಿಲವಾದ ತೋಳಿನೊಳಗೆ ತೆಳು ಹಿತ್ತಾಳೆ ತಗಡಿನ ಪಟ್ಟಿ ಕೂರಿಸುವುದು, ಫೋಕಸ್ ತಿರುಗುಗುಂಡಿಯ ಬಿಗಿತದ ತಿರುಪನ್ನು ಸರಿಪಡಿಸುವುದು, ಬೆಲ್ಲೋಸಿನ ಬಿರುಕಿಗೆ ಕಪ್ಪು ಬಟ್ಟೆಯ ಪಟ್ಟಿ ಅಂಟಿಸುವುದು, ಚೌಕಟ್ಟಿನ ಅಂಚನ್ನು ನಯವಾದ ಎಮರಿ ಕಾಗದದಿಂದ ಉಜ್ಜುವುದು ರೂಢಿಯಲ್ಲಿದ್ದ ಕ್ರಮಗಳು. ಕೊನೆಗೆ, ಬೇಡವಾದ ನೆಗೆಟಿವ್‌ನ ಮೇಲೆ ಸೂಜಿಯಿಂದ ಚೌಕುಳಿ ಗೀರಿ ಅದರ ಬಿಂಬವನ್ನು ಹಲಗೆಯ ಮೇಲೆ ಬೀಳಿಸಿ, ನಾಲ್ಕು ಮೂಲೆಗಳ ಗೆರೆಗಳೂ ಒಮ್ಮೆಲೇ ಸ್ಪಷ್ಟವಾಗುತ್ತವೆಯೇ ಎಂದು ಪರೀಕ್ಷಿಸಲಾಗುತ್ತಿತ್ತು.

ಕಾವಿ ಕಲೆಯ ದಾಖಲೆ

ಗೆರೆಗಳ ಸ್ಪಷ್ಟತೆಯ ಪ್ರಶ್ನೆ ಕಾಮತರು ದಾಖಲಿಸಿದ ಕಾವಿ ಕಲೆಯ ಮಟ್ಟಿಗೆ ಮುಖ್ಯವಾದುದು. ಈ ಕಲೆಯಲ್ಲಿರುವುದು ಎರಡೇ ಬಣ್ಣ, ಕೆಂಪು ಮತ್ತು ಬಿಳಿ. ಚಿತ್ರವೆಲ್ಲ ಗೆರೆಗಳಲ್ಲಿಯೇ ಇದೆ. ಚಿಪ್ಪುಗಳನ್ನು ಸುಟ್ಟು ಪಡೆದ ಸುಣ್ಣಕ್ಕೆ ತೊಳೆದ ಮರಳು ಮತ್ತು ಬೆಲ್ಲ ಬೆರೆಸಿ, ಕೆಲವು ದಿನ ಕೊಳೆಯಲು ಬಿಟ್ಟು, ಚೆನ್ನಾಗಿ ಕುಟ್ಟಿ ಗಾರೆ ಸಿದ್ಧಪಡಿಸುತ್ತಿದ್ದರು. ಅದನ್ನು ಗೋಡೆಗೆ ಬಳಿದು ಮೇಲೆ ಹುರಮಂಜಿ ಎಂಬ ಕೆಂಪು ಮಣ್ಣಿನ ಬಣ್ಣದ ಲೇಪ ಕೊಟ್ಟು ನುಣುಪುಗೊಳಿಸುತ್ತಿದ್ದರು. ಲೇಪ ಹಸಿಯಾಗಿರುವಾಗಲೇ ಉಕ್ಕಿನ ಮೊನೆಯಿಂದ ಕೆರೆದರೆ ಕೆಳಗಿನ ಬಿಳಿ ಸುಣ್ಣ ಕಾಣಿಸಿಕೊಂಡು ದೇವತೆಗಳು, ಬಳ್ಳಿಗಳು, ಜ್ಯಾಮಿತಿಯ ವಿನ್ಯಾಸಗಳು ಮೂಡುತ್ತಿದ್ದವು. ಗೋವೆಯಿಂದ ಉತ್ತರ ಕನ್ನಡದವರೆಗಿನ ದೇವಾಲಯಗಳಲ್ಲಿ ಈ ಕಲೆ ಹಬ್ಬಿತ್ತು. ಕುಮಟಾದ ಮಹಾಲಸಾ ದೇವಾಲಯ ಇದಕ್ಕೆ ಹೆಸರಾದ ಸ್ಥಳಗಳಲ್ಲಿ ಒಂದು.

ಭಟ್ಕಳದ ಕೇತಪೈ ನಾರಾಯಣ ದೇವಾಲಯದಂಥ ಕಲ್ಲಿನ ಗುಡಿಗಳು ಶತಮಾನಗಳ ಮಳೆಯನ್ನು ತಾಳಿಕೊಂಡಿವೆ. ಸುಣ್ಣದ ಗೋಡೆಗೆ ಆ ಬಾಳಿಕೆ ಇಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಅನೇಕ ಹಳೆಯ ಗುಡಿಗಳನ್ನು ಕೆಡವಿ ಸಿಮೆಂಟಿನ ಕಟ್ಟಡಗಳನ್ನು ಎಬ್ಬಿಸಲಾಯಿತು. ಉಳಿದ ಕೆಲವು ಗೋಡೆಗಳಿಗೆ ಎಣ್ಣೆಬಣ್ಣ ಬಳಿಯಲಾಯಿತು. ಕೆಲಸ ಬಲ್ಲ ಕುಶಲಕರ್ಮಿಗಳೂ ವಿರಳರಾದರು. ಇಂಥ ಸಂದರ್ಭದಲ್ಲಿ ಕಾಮತರು ಗುಡಿಯಿಂದ ಗುಡಿಗೆ ತಿರುಗಿ ಕಾವಿ ಚಿತ್ರಗಳ ಛಾಯಾಚಿತ್ರ ತೆಗೆದರು, ತಯಾರಿಕೆಯ ವಿಧಾನವನ್ನು ಬರೆದಿಟ್ಟರು, ಈ ಕಲೆಯನ್ನು ಕುರಿತು ಕೊಂಕಣಿಯಲ್ಲಿಯೂ ಬರೆದರು. ಸ್ಥಳೀಯರು ದಿನವೂ ನೋಡುತ್ತ ಗಮನಿಸದೇ ಬಿಟ್ಟಿದ್ದ ಗೋಡೆಯ ಚಿತ್ರಗಳು ಇದರಿಂದ ವಿದ್ವಾಂಸರ ಲಕ್ಷ್ಯಕ್ಕೆ ಬಂದವು.

ಸಾಹಿತ್ಯ

ಕಾಮತರ ಗದ್ಯದಲ್ಲಿ ಹಾಸ್ಯ ಮತ್ತು ವಿವರಗಳ ನಿಖರತೆ ಒಟ್ಟಿಗೆ ಇರುತ್ತವೆ. ‘ನಾ ರಾಜಸ್ಥಾನದಲ್ಲಿ’, ‘ಬಸ್ತರ ಪ್ರವಾಸ’ ಅವರ ಇತರ ಪ್ರವಾಸ ಕೃತಿಗಳು. ‘ಇರುವೆಯ ಇರುವು’, ‘ಕಾಗೆಯ ಕಾಯಕ’, ‘ಸರ್ಪ ಸಂಕುಲ’ ಮೊದಲಾದ ಪುಸ್ತಕಗಳಲ್ಲಿ ಅಂಗಳದ ಜೀವಿಗಳ ಬದುಕನ್ನು ಪಾರಿಭಾಷಿಕ ಪದಗಳ ಭಾರವಿಲ್ಲದೆ ವಿವರಿಸಿದ್ದಾರೆ. ಇರುವೆಯ ಸಾಲನ್ನು ನೋಡುವಾಗಲೂ ಗುಡಿಯ ಗೋಡೆಯನ್ನು ನೋಡುವಾಗಲೂ ಅವರ ದೃಷ್ಟಿ ಒಂದೇ ಬಗೆಯದು. ಹತ್ತಿರದಲ್ಲಿದ್ದು ಯಾರೂ ಲೆಕ್ಕಿಸದ ವಸ್ತುವೇ ಅವರಿಗೆ ಅಧ್ಯಯನದ ವಿಷಯ.

ನಿಧನ ಮತ್ತು ಅನಂತರ

ಕಾಮತರು 2002ರ ಫೆಬ್ರವರಿ 20ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಛಾಯಾಚಿತ್ರಗಳಲ್ಲಿ ಬಹಳಷ್ಟನ್ನು ಕುಟುಂಬದವರು ‘ಕಾಮತ್ಸ್ ಪಾಟ್‌ಪುರಿ’ ಎಂಬ ಅಂತರಜಾಲ ತಾಣದಲ್ಲಿ ಸಾರ್ವಜನಿಕರಿಗೆ ಒದಗಿಸಿದ್ದಾರೆ. ಭಾರತದ ಕಲೆ, ಇತಿಹಾಸ, ಜನಜೀವನವನ್ನು ಕುರಿತ ಆರಂಭಿಕ ತಾಣಗಳಲ್ಲಿ ಅದೂ ಒಂದು.

ಡಾರ್ಕ್‌ರೂಮುಗಳು ಮುಚ್ಚಿ ಎನ್‌ಲಾರ್ಜರ್‌ಗಳು ಮೂಲೆ ಸೇರಿದ ಮೇಲೆ ನೆಗೆಟಿವ್‌ಗಳನ್ನು ಸ್ಕ್ಯಾನರ್‌ಗಳು ಓದತೊಡಗಿದವು. ಒಂದು ಕಾಲದ ಗೀರಿಲ್ಲದ, ಬೂಷ್ಟು ಹತ್ತದ ನೆಗೆಟಿವ್ ಇದ್ದರೆ ಮಾತ್ರ ಈ ಹೊಸ ಸಾಧನವೂ ಕೆಲಸಕ್ಕೆ ಬರುತ್ತದೆ. ಕೆಡವಿದ ಗುಡಿಯ ಕಾವಿ ಗೋಡೆಯನ್ನು ಮತ್ತೆ ಕಟ್ಟಬಯಸುವವರಿಗೂ, ಆ ಗೆರೆಗಳ ವಿನ್ಯಾಸವನ್ನು ಅರಿಯಬಯಸುವವರಿಗೂ ಕಾಮತರ ಚಿತ್ರಗಳು ಮತ್ತು ಟಿಪ್ಪಣಿಗಳು ಮುಖ್ಯ ಆಧಾರಗಳಾಗಿವೆ.